ಹಿಮಠಾಣೆಯ ಕೊಲೆ ಮತ್ತು ನನ್ನ ಬಿಕ್ಕಳಿಕೆ

ಬೇರೆ ಊರುಗಳಲ್ಲಿ ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎನ್ನುತ್ತಾರಂತೆ. ನಮ್ಮೂರಲ್ಲಿ ಬಿಕ್ಕಳಿಕೆ ಬಂದವನು ಏನನ್ನೋ ಮುಚ್ಚಿಟ್ಟಿದ್ದಾನೆ ಎಂದು ಅರ್ಥ. ಹೇಳಿಬಿಟ್ಟರೆ ನಿಲ್ಲುತ್ತದೆ, ಹೇಳದಿದ್ದರೆ ಹೆಚ್ಚುತ್ತದೆ. ಹಾಗಾಗಿ ನಮ್ಮಲ್ಲಿ ಇಸ್ಪೀಟು ಆಡುವವರಿಲ್ಲ. ಶಾಲೆಯ ಹೆಡ್ಮಾಸ್ಟರು ಪ್ರಶ್ನೆಪತ್ರಿಕೆಯನ್ನು ಮೊದಲೇ ಬರೆದಿಟ್ಟುಕೊಳ್ಳಲಾರರು. ಪರೀಕ್ಷೆಯ ಗಂಟೆ ಹೊಡೆದ ಮೇಲೆ ಬೋರ್ಡಿನ ಮುಂದೆ ನಿಂತು, ಯೋಚಿಸಿ ಯೋಚಿಸಿ ಬರೆಯುತ್ತಾರೆ. ಯಾರ ಜೊತೆಗಾದರೂ ವ್ಯವಹಾರ ಕುದುರಿಸಬೇಕಾದರೆ ಕಾಗದಪತ್ರ ಓದುವ ರೂಢಿ ನಮಗಿಲ್ಲ. ಆಸಾಮಿಯನ್ನು ಕೂರಿಸಿ, ಒಂದು ಲೋಟ ಮಜ್ಜಿಗೆ ಕೊಟ್ಟು, ಹದಿನೈದು ನಿಮಿಷ ಅವನ ಗಂಟಲು ನೋಡುತ್ತೇವೆ. ಹೆಣ್ಣು ನೋಡುವ ಹಾಗೆ ಇದೂ ಒಂದು ಶಾಸ್ತ್ರ. ಗಂಟಲು ಸುಮ್ಮನಿದ್ದರೆ ಸಹಿ, ಅಲುಗಿದರೆ ಇಲ್ಲ.

ನಾನು ಬಿ.ಎಸ್ಸಿ. ಓದಿದವನು, ಭೌತಶಾಸ್ತ್ರ. ಊರಿನ ಏಕೈಕ ಸಿನಿಮಾ ಮಂದಿರದಲ್ಲಿ ಇಪ್ಪತ್ತೆರಡು ವರ್ಷದಿಂದ ಪ್ರೊಜೆಕ್ಟರ್ ಆಪರೇಟರ್. ಹೆಸರು ನೀಲಕಂಠ. ಸೆಕೆಂಡಿನ ಮುಳ್ಳಿರುವ ಗಡಿಯಾರ ಊರಲ್ಲಿ ನನ್ನೊಬ್ಬನ ಬಳಿ ಇರುವುದರಿಂದ ಗಂಟಲು ನೋಡುವಾಗ ವೇಳೆ ಅಳೆಯಲು ಎಲ್ಲರೂ ನನ್ನನ್ನೇ ಕರೆಯುತ್ತಾರೆ. ಟಾಕೀಸಿನ ಒಡತಿ ಇಂದ್ರಾಣಮ್ಮ. ಅದು ಮೊದಲು ಅವರ ಗಂಡನ ನಾಟಕ ಕಂಪನಿಯ ಥಿಯೇಟರು. ಅವರು ತೀರಿಕೊಂಡ ಮೇಲೆ ರಂಗಸ್ಥಳದ ಮುಂದೆ ಬಿಳಿ ಬಟ್ಟೆ ಎಳೆದು ಸಿನಿಮಾ ಶುರುಮಾಡಿದರು. ಟಿಕೆಟ್ ಕಿಟಕಿಯ ಮೇಲಿನ ಎರಡು ಕೋಣೆಗಳೇ ಇಂದ್ರಾಣಮ್ಮನ ಮನೆ. ತೋರಿಸುತ್ತಿದ್ದದ್ದೆಲ್ಲ ಪೌರಾಣಿಕ. ಕೊನೆ ಏನೆಂದು ಮೊದಲೇ ಎಲ್ಲರಿಗೂ ಗೊತ್ತಿರುವುದರಿಂದ, ನೋಡಿ ಬಂದವರಿಗೆ ಬಿಕ್ಕಳಿಕೆಯ ತೊಂದರೆ ಇರಲಿಲ್ಲ. ಆದರೆ ಪ್ರಿಂಟುಗಳು ಸವೆದು ತೆರೆಯ ಮೇಲೆ ಗೆರೆಗಳ ಮಳೆ ಸುರಿಯತೊಡಗಿತ್ತು. ಒಂದು ವಾರ ಹನ್ನೊಂದು ಜನ ಬಂದರು. ನಾನೂ ಇಂದ್ರಾಣಮ್ಮನೂ ಆ ಹನ್ನೊಂದರಲ್ಲಿ ಸೇರಿದ್ದೆವು.

"ನೀಲಕಂಠ, ಬರೋ ಸೋಮವಾರ ಬೀಗ ಹಾಕೋದೇ ಸೈ," ಎಂದು ಅವರು ಹೇಳಿದ ವಾರವೇ ಪ್ರಭಂಜನ ಬಂದ.

ಚಿತ್ರ ಹಂಚುವ ಯಾವುದೋ ಕಂಪನಿಯ ಏಜೆಂಟ್. ಸಫಾರಿ, ಹೊಳೆಯುವ ಬೂಟು, ಬೆಣ್ಣೆಯಂಥ ಮಾತು. "ಮೇಡಂ, ಜನ ಬರಲ್ಲ ಅಂತ ಯಾರಂದ್ರು? ಹೊಸಾದು ಕೊಡಿ, ಬರ್ತಾರೆ. ನನ್ನ ಹತ್ರ ಒಂದು ಮಿಲಿಟರಿ ಪಿಕ್ಚರ್ ಇದೆ. ಕೊಲೆ, ಪತ್ತೇದಾರಿ. ಭಾನುವಾರ ಮ್ಯಾಟಿನಿಗೆ ಹಾಲ್ ತುಂಬಿ, ಜನ ಕೊನೇವರೆಗೂ ಕೂತ್ರೆ, ವಾರಕ್ಕೊಂದು ಹೊಸ ಪಿಕ್ಚರ್ ಕೊಡ್ತೀವಿ. ಒಂದು ಸಣ್ಣ ಅಗ್ರಿಮೆಂಟು, ಅಷ್ಟೆ. ಟಾಕೀಸು ನಿಮ್ದೇ, ಸಿನಿಮಾ ಮಾತ್ರ ನಮ್ದು."

"ತುಂಬದಿದ್ರೆ?"

"ಡಬ್ಬಿ ತಗೊಂಡು ಮುಂದಿನ ಊರಿಗೆ ಹೋಗ್ತೀನಿ, ಅಷ್ಟೇ ಮೇಡಂ."

ಇಂದ್ರಾಣಮ್ಮ ಮಜ್ಜಿಗೆ ತರಿಸಿದರು. ನಾನು ಗಡಿಯಾರ ಹಿಡಿದು ಕೂತೆ. ಹದಿನೈದು ನಿಮಿಷ ಅವನ ಗಂಟಲನ್ನು ಇಬ್ಬರೂ ನೋಡಿದೆವು. ಪಾಪ, ಅವನಿಗೆ ಯಾಕೆಂದು ಗೊತ್ತಿಲ್ಲ, ಕಾಲರು ಸರಿಮಾಡಿಕೊಂಡ. ಗಂಟಲು ಕೆರೆಯ ನೀರಿನಷ್ಟು ನಿಶ್ಚಲ. ನಾನು ನೋಟ್‌ಬುಕ್ಕಿನಲ್ಲಿ "ಸೊನ್ನೆ" ಎಂದು ಬರೆದೆ. ಇಂದ್ರಾಣಮ್ಮನ ಮುಖ ಅರಳಿತು. "ಎಂಥಾ ಸಾಚಾ ಮನುಷ್ಯ!" ಎಂದರು.

ಗುರುವಾರ ಮಧ್ಯಾಹ್ನ ಮೊದಲ ಆಟ. 'ಹಿಮಠಾಣೆ ನಂಬರ್ ಏಳು' ಎಂದು ಚಿತ್ರದ ಹೆಸರು. ಮಂಜು ಬೀಳುವ ಗಡಿಯ ಠಾಣೆಯಲ್ಲಿ ಒಬ್ಬ ಮೇಜರು ಸತ್ತು ಬಿದ್ದಿರುತ್ತಾನೆ. ಸುತ್ತ ಹತ್ತು ಮೈಲಿ ಹಿಮ, ಹೊರಗಿನವರು ಬಂದ ಹೆಜ್ಜೆಗುರುತಿಲ್ಲ. ಠಾಣೆಯಲ್ಲಿ ಇರುವವರು ಐದು ಜನ. ಒಬ್ಬ ಕರ್ನಲ್ ಬಂದು ಒಬ್ಬೊಬ್ಬರನ್ನೇ ಕೂರಿಸಿ ವಿಚಾರಣೆ ಮಾಡುತ್ತಾನೆ. ಗಾಂಧಿ ಕ್ಲಾಸಿನಲ್ಲಿ ಉಸಿರು ಬಿಡುವ ಸದ್ದಿಲ್ಲ. ಮೂರನೆಯ ರೀಲಿನಲ್ಲಿ, ಜನರನ್ನು ನಗಿಸಲೆಂದು ಹಾಕಿರಬೇಕು, ಠಾಣೆಯ ಅಡುಗೆ ಹವಾಲ್ದಾರ ಒಂದು ಮೆಣಸಿನಕಾಯಿ ಬಜ್ಜಿ ಕಚ್ಚಿ, "ಹಿಕ್" ಎನ್ನುತ್ತಾನೆ.

ಇಡೀ ಟಾಕೀಸು ಎದ್ದು ನಿಂತಿತು.

"ಅವ್ನೇ! ಅವ್ನೇ ಕಣ್ರೋ!" ಎಂದು ಕೂಗಿದವನು ಹೋಟೆಲಿನ ಹೊನ್ನಪ್ಪ. "ಮೂರೇ ರೀಲಿಗೆ ಸಿಕ್ಕಾಕ್ಕೊಂಡ!"

"ಆ ಕರ್ನಲ್ಲಿಗೆ ಕಿವಿ ಕೇಳಲ್ವಾ? ಎದುರಿಗೇ ಬಿಕ್ಕಳಿಸ್ತಾ ಇದಾನೆ, ಬಿಟ್ಟು ಇನ್ನೊಬ್ಬನ್ನ ಕರೀತಾನಲ್ಲ!"

"ಇಂಥೋರ ಕೈಗೆ ಗಡಿ ಕೊಟ್ರೆ ದೇಶ ಉಳಿದ ಹಾಗೇ!"

ಇಂಟರ್ವಲ್ಲಿನಲ್ಲಿ ಕಳ್ಳೇಕಾಯಿ ತಿಂದು ಎಲ್ಲರೂ ಮನೆಗೆ ಹೋದರು. ಕೊಲೆಗಾರ ಯಾರೆಂದು ಗೊತ್ತಾದ ಮೇಲೆ ಕೂತು ಮಾಡುವುದೇನು? ಇಂದ್ರಾಣಮ್ಮನೂ ಅನ್ನಕ್ಕಿಡಲು ಮೇಲೆ ಹೋದರು. ನಾನು ಮಾತ್ರ ಹೋಗಲಾರೆ. ಹಾಲಿನಲ್ಲಿ ಒಬ್ಬರೂ ಇಲ್ಲದಿದ್ದರೂ ಕೊನೆಯ ರೀಲನ್ನು ಓಡಿಸಿಯೇ ಯಂತ್ರ ಆರಿಸುವುದು ನನ್ನ ಪದ್ಧತಿ. ಖಾಲಿ ಬೆಂಚುಗಳ ಮುಂದೆ ಮಿಕ್ಕ ಚಿತ್ರ ಓಡಿತು. ಪ್ರೊಜೆಕ್ಟರ್ ಕೋಣೆಯ ಚೌಕ ಕಿಂಡಿಯಿಂದ ನಾನೊಬ್ಬನೇ ನೋಡಿದೆ. ಕೊನೆಯ ನಾಲ್ಕು ನಿಮಿಷಗಳಲ್ಲಿ ನಡೆದದ್ದನ್ನು ನೋಡಿ ನಾನು ಕಾಲಿನ ಮೇಲೆ ರೀಲಿನ ಡಬ್ಬಿ ಬೀಳಿಸಿಕೊಂಡೆ.

ಕೊಲೆಗಾರ ಅಡುಗೆಯವನಲ್ಲ. ಆ ಐವರಲ್ಲಿ ಒಬ್ಬನೂ ಅಲ್ಲ.

'ಶುಭಂ' ಬಿತ್ತು. ದೀಪ ಹಾಕಿದೆ. "ಹಿಕ್."

ಪರಿಸ್ಥಿತಿಯ ಗಾಂಭೀರ್ಯ ಒಡನೆಯೇ ನನಗೆ ಹೊಳೆಯಿತು. ಇಡೀ ಊರಿನಲ್ಲಿ ನನ್ನೊಬ್ಬನಿಗೇ ಗೊತ್ತಿರುವ ವಿಷಯ ಇದು. ಯಾರಿಗಾದರೂ ಒಬ್ಬರಿಗೆ ಹೇಳಿದರೆ ಅವರು ಇನ್ನೊಬ್ಬರಿಗೆ ಹೇಳುತ್ತಾರೆ, ಸಂಜೆಗೆ ಊರಿಗೆಲ್ಲ ಗೊತ್ತಾಗುತ್ತದೆ, ಭಾನುವಾರ ಯಾವ ಪ್ರಾಣಿಯೂ ಟಾಕೀಸಿಗೆ ಬರುವುದಿಲ್ಲ. ಮೆಟ್ಟಿಲಲ್ಲಿ ಎದುರಾದ ಇಂದ್ರಾಣಮ್ಮ ನನ್ನ ಸದ್ದು ಕೇಳಿ ನಿಂತರು.

"ಏನೋ ಅದು? ಹೇಳಿಬಿಡು."

"ಕೇಳಬೇಡಿ ಅಮ್ಮಾವ್ರೇ. ಅಡುಗೆಯವನಲ್ಲ... ಹಿಕ್... ಅಷ್ಟು ಮಾತ್ರ ಹೇಳ್ತೀನಿ."

ಅವರು ಮೆಟ್ಟಿಲ ಮೇಲೆಯೇ ಕೂತರು. ನಾಟಕ ಕಂಪನಿ ನಡೆಸಿದ ಮನೆಯವರಲ್ಲವೇ, ಲೆಕ್ಕಾಚಾರ ಬೇಗ ಹೊಳೆಯಿತು. "ನಾಳೆ, ನಾಡಿದ್ದು ಆಟ ಇಲ್ಲ," ಎಂದರು. "ಇನ್ನೂರು ಜನ ಮೊದಲೇ ನೋಡಿದ್ರೆ ಮಿಕ್ಕವರಿಗೆ ಸಂಜೆಗೇ ಕಥೆ ತಲುಪುತ್ತೆ. ಇಡೀ ಊರು ಒಂದೇ ಸಲ ನೋಡ್ಬೇಕು. ಭಾನುವಾರ. ಅಲ್ಲೀವರೆಗೂ ನೀನು ತಡ್ಕೋತೀಯಾ?"

ಹೇಳದೆ ಉಳಿದವರ ದಾಖಲೆ ನಮ್ಮೂರಿನಲ್ಲಿ ಒಂದೂವರೆ ದಿನ. ಅದೂ ನನ್ನ ಅಜ್ಜಿಯದು. ಮೊಮ್ಮಗಳ ಮದುವೆಗೆ ಇಟ್ಟಿದ್ದ ಸೀರೆಯ ಬಣ್ಣವನ್ನು ಆಕೆ ಅಷ್ಟು ಹೊತ್ತು ಬಚ್ಚಿಟ್ಟಿದ್ದಳು. ನನ್ನ ಮುಂದಿದ್ದದ್ದು ಮೂರು ದಿನ.

"ತಡ್ಕೋತೀನಿ," ಎಂದೆ.

ಆ ಮೂರು ದಿನದ ವಿವರಗಳು ನನ್ನ ನೋಟ್‌ಬುಕ್ಕಿನಲ್ಲಿವೆ. ಗುರುವಾರ ಸಂಜೆ ನಿಮಿಷಕ್ಕೆ ನಾಲ್ಕು. ಶುಕ್ರವಾರ ಬೆಳಿಗ್ಗೆ ಏಳು. ಸಕ್ಕರೆ ಬಾಯಿಗೆ ಹಾಕಿಕೊಂಡಾಗ ಏಳು. ಬಗ್ಗಿ ಲೋಟದ ಆಚೆ ಅಂಚಿನಿಂದ ನೀರು ಕುಡಿದಾಗ ಏಳು, ಜೊತೆಗೆ ಮೂಗಿಗೆ ನೀರು. ಹೆಂಡತಿ ಸುಗುಣ ಹಿಂದಿನಿಂದ ಬಂದು "ಹಾವು!" ಎಂದು ಕಿರುಚಿದಾಗ ಎಂಟು.

"ರೀ, ನಂಗೂ ಹೇಳಬಾರ್ದಾ? ನಾನೇನು ಊರಿಗೆಲ್ಲಾ ಡಂಗುರ ಹೊಡೀತೀನಾ?"

"ಹೊಡೀತೀಯ."

ಅವಳು ಸ್ವಲ್ಪ ಯೋಚಿಸಿದಳು. "ಹೂಂ, ಹೊಡೀತೀನಿ," ಎಂದು ಒಪ್ಪಿಕೊಂಡಳು. ನಮ್ಮೂರಿನ ದಾಂಪತ್ಯಗಳು ಹೀಗೆ. ಜಗಳ ಶುರುವಾಗುವ ಮೊದಲೇ ಮುಗಿದುಹೋಗುತ್ತದೆ.

ನನಗೆ ಗಾಬರಿ ಹುಟ್ಟಿಸಿದ್ದು ಹೊನ್ನಪ್ಪ. ಶುಕ್ರವಾರ ಅವನ ಹೋಟೆಲಿನಲ್ಲಿ ದೋಸೆ ಮುರಿಯುತ್ತ ಎರಡು ಸಲ ಬಿಕ್ಕಳಿಸಿದೆ. ಅವನು ಕಾವಲಿಯ ಮೇಲೆ ಸೌಟು ಬಿಟ್ಟು ಎದುರಿಗೆ ಬಂದು ನಿಂತ.

"ಆಪರೇಟರೇ, ಏನ್ ಸಮಾಚಾರ? ನೀವು ನೋಡಿ ನಮಗೆ ಗೊತ್ತಿಲ್ದೇ ಇರೋದು ಏನಿದೆ ಈ ಊರಲ್ಲಿ?"

ನಾನು ದೋಸೆ ನೋಡಿದೆ.

"ಸಿನಿಮಾ ಕೊನೇವರೆಗೂ ನೋಡಿದೋರು ನೀವೊಬ್ರೇ, ಅಲ್ವಾ?"

"ಹಿಕ್."

ಹೊನ್ನಪ್ಪನ ಮುಖದಲ್ಲಿ ಒಂದು ತರ್ಕ ಹಂತಹಂತವಾಗಿ ಮೂಡುವುದನ್ನು ನೋಡಿದೆ. ಹಿಂದೆ ದೋಸೆ ಸೀಯುತ್ತಿತ್ತು. "ಅಡುಗೆಯವನೇ ಕೊಂದಿದ್ರೆ ಅದು ಎಲ್ಲಾರಿಗೂ ಗೊತ್ತಿರೋದು. ಎಲ್ಲಾರಿಗೂ ಗೊತ್ತಿರೋದಕ್ಕೆ ನಿಮಗ್ಯಾಕೆ ಬಿಕ್ಕಳಿಕೆ? ಅಂದ್ರೆ..." ಅವನು ಸೊಂಟದ ಟವೆಲ್ಲು ಕಿತ್ತು ಹೆಗಲಿಗೆ ಹಾಕಿಕೊಂಡು ಬೀದಿಗೆ ಓಡಿದ. "ಅಡುಗೆಯವನಲ್ವಂತೆ ಕಣ್ರೋ!"

ಇಷ್ಟು ಪರಿಣಾಮಕಾರಿಯಾದ ಜಾಹೀರಾತನ್ನು ಯಾವ ಪೋಸ್ಟರೂ ಮಾಡಿರಲಾರದು. ಶನಿವಾರ ನಾನು ಬೀದಿಯಲ್ಲಿ ನಡೆದರೆ ಹಿಂದೆ ಮೆರವಣಿಗೆ. ಕೆಲವರು ಕರ್ಜೀಕಾಯಿ ತಂದುಕೊಟ್ಟರು. ಹೆಡ್ಮಾಸ್ಟರು ಬಂದು, "ಹೇಳೋದು ಬೇಡ, ನಾನು ಒಬ್ಬೊಬ್ಬರ ಹೆಸರು ಹೇಳ್ತೀನಿ, ಎಲ್ಲಿ ಜೋರಾಗಿ ಬಿಕ್ಕಳಿಸ್ತೀರೋ ನೋಡ್ತೀನಿ," ಎಂದರು. ವಿಧಾನ ವೈಜ್ಞಾನಿಕವೇ. ನಾನು ಬಾಗಿಲು ಹಾಕಿಕೊಂಡೆ. ಆಗ ನಿಮಿಷಕ್ಕೆ ಹನ್ನೊಂದು. ಎದೆಗೂಡು ನೋಯುತ್ತಿತ್ತು, ನುಂಗಿದ ಅನ್ನ ಅರ್ಧದಾರಿಯಿಂದ ವಾಪಸು ಬರುತ್ತಿತ್ತು. ಒಂದು ಹಂತದಲ್ಲಿ ಹಿತ್ತಲಿಗೆ ಹೋಗಿ ನುಗ್ಗೆ ಮರಕ್ಕೆ ಎಲ್ಲವನ್ನೂ ಹೇಳಿದೆ. ಮರಕ್ಕೆ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ ಎಂಬುದೂ ನೋಟ್‌ಬುಕ್ಕಿನಲ್ಲಿದೆ.

ಇತ್ತ ಇಂದ್ರಾಣಮ್ಮನಿಗೆ ಬೇರೆ ಚಿಂತೆ. ಹಾಲಿನಲ್ಲಿ ಮುನ್ನೂರು ಸೀಟು, ಊರಿನ ಜನ ಐನೂರು. ಅವರು ತೆರೆಯ ಹಿಂದಿನ ಹಳೆಯ ರಂಗಸ್ಥಳ ಗುಡಿಸಿಸಿ, ಜಮಖಾನ ಹಾಸಿ ಇನ್ನೂರು ಜನರನ್ನು ಅಲ್ಲಿ ಕೂರಿಸಲು ಏರ್ಪಾಡು ಮಾಡಿದರು. ಬಟ್ಟೆಯ ತೆರೆ, ಹಿಂದಿನಿಂದಲೂ ಕಾಣುತ್ತದೆ, ಎಡಬಲ ಅದಲುಬದಲಾಗುತ್ತದೆ, ಅಷ್ಟೆ.

ಭಾನುವಾರ ಮೂರು ಗಂಟೆಗೆ ಊರಿಗೆ ಊರೇ ಬಂದಿತು. ತೊಟ್ಟಿಲ ಮಕ್ಕಳೂ ಬಂದವು. ಪ್ರಭಂಜನ ಗೇಟಿನಲ್ಲಿ ನಿಂತು ತಲೆ ಎಣಿಸುತ್ತಿದ್ದ. ಎಣಿಸಿದಷ್ಟೂ ಅವನ ಮುಖದಲ್ಲಿ ಕಳೆ ಏರುತ್ತಿತ್ತು. "ಸೂಪರ್, ಮೇಡಂ. ನಾನು ಆಫೀಸಿನಲ್ಲಿ ಕಾಗದ ರೆಡಿ ಮಾಡ್ಕೊಂಡಿರ್ತೀನಿ. ಆಟ ಬಿಟ್ಟ ಕೂಡ್ಲೇ ಸಹಿ," ಎಂದ. ಇಂದ್ರಾಣಮ್ಮ ಪೆನ್ನಿಗೆ ಮಸಿ ತುಂಬಿಸಿಕೊಂಡೇ ಬಾಲ್ಕನಿಯಲ್ಲಿ ಕೂತರು.

ಚಿತ್ರ ಓಡಿತು. ಅಡುಗೆಯವನು ಬಿಕ್ಕಳಿಸಿದಾಗ ಈ ಸಲ ಯಾರೂ ಏಳಲಿಲ್ಲ. "ಪಾಪ, ಖಾರ ಆಗಿದೆ," ಎಂದಳು ಒಬ್ಬ ಅಜ್ಜಿ, ಮೂರು ದಿನದ ಹಿಂದೆ ಅವನಿಗೆ ಗಲ್ಲು ಹಾಕಬೇಕೆಂದವಳು. ತೆರೆಯ ಹಿಂದಿನಿಂದ ಹೊನ್ನಪ್ಪನ ದನಿ ಕೇಳಿತು: "ಇದೇನ್ರೀ, ಈ ಮಿಲಿಟರೀಲಿ ಎಲ್ಲಾರೂ ಎಡಗೈಲಿ ಸಲ್ಯೂಟ್ ಹೊಡೀತಾರೆ?" "ಸುಮ್ನಿರಪ್ಪ, ನೀನು ಕೂತಿರೋ ಕಡೆ ಹಾಗೆ," ಎಂದು ಮುಂದಿನಿಂದ ಉತ್ತರ. ಕಿಂಡಿಯ ಹಿಂದೆ ನಾನು ಬಾಯಿಗೆ ಟವೆಲ್ಲು ಒತ್ತಿ ಹಿಡಿದಿದ್ದೆ. ಕೊನೆಯ ರೀಲು ಹಾಕುವಾಗ ಬಿಕ್ಕಳಿಕೆಯ ನಡುವಿನ ಬಿಡುವಿನಲ್ಲೇ ಫಿಲ್ಮು ಸಿಕ್ಕಿಸಬೇಕಾಯಿತು.

ಆಮೇಲೆ ಆ ನಾಲ್ಕು ನಿಮಿಷ. ಠಾಣೆಯ ಹೊರಗೆ ಮಂಜು ನಿಂತಿದೆ. ಕರ್ನಲ್ ಐವರನ್ನೂ ಸಾಲಾಗಿ ನಿಲ್ಲಿಸಿದ್ದಾನೆ. ಎಲ್ಲರಲ್ಲೂ ಕಿರಿಯ ಸಿಪಾಯಿ ಮುಂದೆ ಬಂದು ಕೇಳುತ್ತಾನೆ: "ಸಾರ್, ಮೇಜರ್ ಸತ್ತದ್ದು ಗುರುವಾರ. ಬಂದವರ ಹೆಜ್ಜೆಗುರುತು ರಾತ್ರಿಯ ಹಿಮದಲ್ಲಿ ಮುಚ್ಚಿಹೋಗಿರಬಹುದು. ಸುದ್ದಿ ಕಳಿಸಲು ನಮ್ಮ ವೈರ್‌ಲೆಸ್ ಕೆಟ್ಟಿತ್ತು. ನೀವು ಶುಕ್ರವಾರವೇ ಬಂದಿರಿ. ನಿಮಗೆ ಹೇಳಿದವರು ಯಾರು?" ಕರ್ನಲ್ ನಗುತ್ತಾನೆ. ಎರಡೂಕಾಲು ಗಂಟೆಯಿಂದ ಎಲ್ಲರನ್ನೂ ಪ್ರಶ್ನಿಸಿದ, ಸತ್ತವನ ತಾಯಿಗೆ ಕಣ್ಣೀರಿಟ್ಟು ಪತ್ರ ಬರೆದ, ಅದೇ ಕರ್ನಲ್.

ಆ ಕ್ಷಣಕ್ಕೆ ನನ್ನ ಬಿಕ್ಕಳಿಕೆ ನಿಂತಿತು. ಅರ್ಧಕ್ಕೆ, ಕತ್ತರಿಸಿದ ಹಾಗೆ. ಐನೂರು ಜನಕ್ಕೆ ಒಂದೇ ಸಲ ಗೊತ್ತಾಗಿತ್ತು.

ನಾನು ನಿರೀಕ್ಷಿಸಿದ್ದದ್ದು ಚಪ್ಪಾಳೆ, ಶಿಳ್ಳೆ. ದೀಪ ಹಾಕಿದಾಗ ಎರಡೂ ಬರಲಿಲ್ಲ. ಮೊದಲು ಮಾತಾಡಿದವಳು ಅದೇ ಅಜ್ಜಿ.

"ಸುಳ್ಳು! ಕೊಂದವನು ಎರಡೂಕಾಲು ಗಂಟೆ ಎದುರಿಗೇ ಕೂತಿದ್ದಾನೆ. ಒಂದು ಬಿಕ್ಕಳಿಕೆನೂ ಇಲ್ಲ! ಇಂಥದ್ದು ಎಲ್ಲಾದ್ರೂ ಉಂಟಾ?"

"ಸಿನಿಮಾ ತೆಗೆದೋರಿಗೆ ಬುದ್ಧಿ ಇಲ್ಲ ಬಿಡಜ್ಜಿ," ಎಂದರು ಯಾರೋ.

"ಇಲ್ಲಾ," ಎಂದ ಹೊನ್ನಪ್ಪ, ತೆರೆಯನ್ನು ಸರಿಸಿ ಮುಂದೆ ಬರುತ್ತ. ಅವನ ದನಿ ತಗ್ಗಿತ್ತು. "ಆ ಸಿನಿಮಾದೋರು ಯಾರೂ ಇದು ವಿಚಿತ್ರ ಅಂತ ಅನ್ಲಿಲ್ಲ, ನೋಡಿದ್ರಾ? ಆ ಐದು ಜನಾನೂ ಅವನ ಗಂಟಲು ನೋಡ್ಲಿಲ್ಲ. ಅಂದ್ರೆ... ಹೊರಗಡೆಯೋರಿಗೆ ಬರೋದೇ ಇಲ್ವೇನೋ."

ಇಪ್ಪತ್ತೆರಡು ವರ್ಷ ಗಡಿಯಾರ ಹಿಡಿದು ನೂರಾರು ಗಂಟಲು ನೋಡಿದ್ದೇನೆ. ಎಲ್ಲವೂ ಇದೇ ಊರಿನಲ್ಲಿ ಹುಟ್ಟಿದ ಗಂಟಲುಗಳು. ಒಂದೇ ಬಾವಿಯ ನೀರು ಪರೀಕ್ಷಿಸಿ ಸಮುದ್ರ ಸಿಹಿ ಎಂದು ಬರೆದಿಟ್ಟಿದ್ದೆ. ಮೊದಲ ವರ್ಷದ ವಿದ್ಯಾರ್ಥಿಯೂ ಮಾಡದ ತಪ್ಪು.

ಆಗಲೇ ಪಕ್ಕದ ಬಾಗಿಲು ತೆರೆದು ಪ್ರಭಂಜನ ಒಳಗೆ ಬಂದ. ಕೈಯಲ್ಲಿ ಕಾಗದ, ಮುಖದಲ್ಲಿ ನಗು. ಐನೂರು ತಲೆಗಳು ಅವನ ಕಡೆ ತಿರುಗಿದವು. ಅವನು ಅದನ್ನು ಅಭಿಮಾನವೆಂದು ತಿಳಿದು ಕೈ ಮುಗಿದ.

"ಮೇಡಂ, ಹೌಸ್‌ಫುಲ್! ಇಲ್ಲೊಂದು ಸಹಿ, ಇಲ್ಲೊಂದು."

ಇಂದ್ರಾಣಮ್ಮ ಬಾಲ್ಕನಿಯಿಂದ ನಿಧಾನವಾಗಿ ಇಳಿದು ಬಂದರು. ಕಾಗದ ಇಸಕೊಂಡರು. ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಹಾಕಿದರು.

"ನೀಲಕಂಠ, ಇದನ್ನ ಓದು. ಗಟ್ಟಿಯಾಗಿ. ಒಂದಕ್ಷರ ಬಿಡಬೇಡ."

"ಅಯ್ಯೋ, ಅದೆಲ್ಲಾ ಬರೀ ಫಾರ್ಮಾಲಿಟಿ ಮೇಡಂ," ಎಂದ ಪ್ರಭಂಜನ. ಗಂಟಲು ನಿಶ್ಚಲ.

ನಮ್ಮೂರಿನಲ್ಲಿ ಸಹಿಗೆ ಮೊದಲು ಕಾಗದ ಓದಿದ್ದು ಅದೇ ಮೊದಲು. ಬೆಳ್ಳಿತೆರೆಯ ಮುಂದೆ ನಿಂತು ಓದಿದೆ. ಎಂಟು ಕಲಮುಗಳವರೆಗೆ ಜನ ಆಕಳಿಸಿದರು. ಒಂಬತ್ತನೆಯದು ಹೀಗಿತ್ತು: ಸದರಿ ಚಿತ್ರಮಂದಿರಕ್ಕೆ ಸಾಕಷ್ಟು ಪ್ರೇಕ್ಷಕರು ಬರುವರೆಂದು ಖಾತ್ರಿಯಾದ ಮೇರೆಗೆ, ಕಟ್ಟಡ, ಯಂತ್ರ ಹಾಗೂ ಮೇಲ್ಮಹಡಿಯ ಕೋಣೆಗಳು ಈ ಸಹಿಯ ದಿನದಿಂದ ಕಂಪನಿಯ ಸ್ವತ್ತಾಗತಕ್ಕದ್ದು. ಹತ್ತನೆಯದು: ಹಾಲಿ ಒಡತಿಯೂ ಆಪರೇಟರೂ ಏಳು ದಿನಗಳೊಳಗೆ ತೆರವು ಮಾಡತಕ್ಕದ್ದು. ಹತ್ತನೆಯದನ್ನು ನಾನು ಎರಡು ಸಲ ಓದಿದೆ; ಮೊದಲ ಸಲ ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಮೂರು ದಿನ ಎದೆ ನೋಯಿಸಿಕೊಂಡು ನಾನು ಟಾಕೀಸು ತುಂಬಿಸಿದ್ದು ಇದಕ್ಕಾಗಿ.

"ಟಾಕೀಸು ನಿಮ್ದೇ ಅಂದಿದ್ರಿ," ಎಂದರು ಇಂದ್ರಾಣಮ್ಮ.

"ಭಾವನಾತ್ಮಕವಾಗಿ ನಿಮ್ದೇ ಮೇಡಂ."

ಅವರಿಗೆ ಕೋಪ ಬಂದಂತೆ ಕಾಣಲಿಲ್ಲ. ಹೊಸ ಪ್ರಾಣಿಯೊಂದನ್ನು ನೋಡುವಂತೆ ಅವನನ್ನು ನೋಡಿದರು. "ಅಲ್ಲಾ ಸ್ವಾಮಿ, ನಿಮ್ಮೂರಲ್ಲಿ ಒಬ್ಬರನ್ನೊಬ್ಬರು ಹೇಗೆ ನಂಬ್ತೀರಿ?"

"ಅದಕ್ಕೇ ಅಗ್ರಿಮೆಂಟು ಇರೋದು ಮೇಡಂ."

"ಅಗ್ರಿಮೆಂಟೇ ಹಿಂಗಿದ್ರೆ?"

"ಕೋರ್ಟು ಇದೆ."

"ಅಬ್ಬಾ," ಎಂದರು ಇಂದ್ರಾಣಮ್ಮ ನಿಜವಾದ ಮರುಕದಿಂದ. "ಎಷ್ಟು ಕಷ್ಟ ನಿಮಗೆ." ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅವನ ಸಫಾರಿಯ ಜೇಬಿನಲ್ಲಿಟ್ಟರು. "ಸಿನಿಮಾ ಚೆನ್ನಾಗಿತ್ತು. ಹೋಗ್ಬನ್ನಿ."

ಸಿನಿಮಾದ ಡಬ್ಬಿಗಳನ್ನು ಬಸ್ಸಿಗೆ ಏರಿಸುವುದು ಆಪರೇಟರನ ಕೆಲಸ. ಸಂಜೆ ಆರರ ಬಸ್ಸಿನ ಮೇಲೆ ಅವನ್ನು ಕಟ್ಟಿ ಇಳಿದೆ. ಕಿಟಕಿಯ ಸೀಟಿನಲ್ಲಿ ಪ್ರಭಂಜನ ಸಪ್ಪೆಯಾಗಿ ಕೂತಿದ್ದ.

"ಚೆನ್ನಾಗೇ ನಡೀತಿತ್ತಲ್ರೀ. ಮೂರು ವರ್ಷದಿಂದ ಈ ಪಿಕ್ಚರ್ ಹೊತ್ಕೊಂಡು ತಿರುಗ್ತಿದೀನಿ, ಎಲ್ಲೂ ಹಿಂಗಾಗಿಲ್ಲ. ಅದೇನು ನೋಡಿ ತಲೆ ಕೆಡಿಸ್ಕೊಂಡ್ರಿ ನೀವೆಲ್ಲಾ?"

"ನೀವು ಈ ಸಿನಿಮಾ ನೋಡಿಲ್ವಾ ಸಾರ್?"

"ನಂಗೆಲ್ಲಿ ಟೈಮು? ಆಟ ಬಿಡೋ ಹೊತ್ಗೆ ನಾನು ಕಾಗದ ಹಿಡ್ಕೊಂಡು ಆಫೀಸಿನಲ್ಲಿರ್ತೀನಿ." ಬಸ್ಸು ಗುರುಗುಟ್ಟಿತು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಅಂದ ಹಾಗೆ, ಕೊನೆಗೆ ಕೊಂದೋನು ಯಾರ್ರೀ?"

ನಾನು ಅವನ ಮುಖ ನೋಡಿದೆ.

"ಅಡುಗೆಯವನು, ಸಾರ್," ಎಂದೆ.

ಬಸ್ಸು ಹೊರಟಿತು. ನನ್ನ ಜೀವಮಾನದ ಮೊದಲ ಸುಳ್ಳು ಅದು. ಗಡಿಯಾರ ಕೈಗೆ ತೆಗೆದುಕೊಂಡು, ಎರಡು ಬೆರಳು ಗಂಟಲಿನ ಮೇಲಿಟ್ಟು, ನಿಂತಲ್ಲೇ ನಿಂತೆ. ಒಂದು ನಿಮಿಷ. ಐದು. ಬಸ್ಸಿನ ಧೂಳು ಇಳಿಯಿತು. ಹದಿನೈದು ಆಯಿತು. ಒಂದೂ ಬರಲಿಲ್ಲ. ಹದಿನಾರನೆಯ ನಿಮಿಷಕ್ಕೆ ಹೆದರಿಕೆಯಾಗಿ ಮನೆಗೆ ಓಡಿದೆ.

ಸುಗುಣ ಅಡುಗೆಮನೆಯಲ್ಲಿ ಅವರೆಕಾಳು ಹಿಸುಕುತ್ತಿದ್ದಳು. ಎಲ್ಲವನ್ನೂ ಹೇಳಿದೆ: ಬಸ್ಸು, ಅವನ ಪ್ರಶ್ನೆ, ನನ್ನ ಉತ್ತರ, ಹದಿನೈದು ನಿಮಿಷ.

"ಒಂದೂ ಬರ್ಲಿಲ್ವಾ?"

"ಒಂದೂ ಇಲ್ಲ. ಹೊರಗಿನವರಿಗೆ ಸುಳ್ಳು ಹೇಳಿದ್ದಕ್ಕೆ ಇರಬೇಕು, ಅಷ್ಟೆ. ನಿನಗೆ ಸುಳ್ಳು ಹೇಳಿದ್ರೆ ಖಂಡಿತ ಬರುತ್ತೆ."

ಅವಳು ಕಾಳಿನ ಬಟ್ಟಲು ಪಕ್ಕಕ್ಕಿಟ್ಟಳು. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ನನ್ನ ಮಾತು ಕೇಳುವಾಗಲೆಲ್ಲ ಗಂಟಲು ನೋಡುತ್ತಿದ್ದಳು. ನಮ್ಮೂರಿನ ಹೆಂಗಸರೆಲ್ಲ ಹಾಗೇ. ಈಗ ಮೊದಲ ಸಲ ಕಣ್ಣೆತ್ತಿ, ನನ್ನ ಕಣ್ಣುಗಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ನಿಜಾನಾ?" ಎಂದಳು.